ಗದ್ದೆ ಬಯಲಿಗೆ ಕಾಂಟೂರ್ ಎಳೆಯುವುದು ಹೇಗೆ?

ಮಂಡ್ಯದ ಗದ್ದೆ ಬಯಲು ಕಣ್ಣಿಗೆ ಸಪಾಟು. ತೂಬು ಎತ್ತಿ ನೀರು ಬಿಟ್ಟಾಗಲೇ ಗೊತ್ತಾಗುವುದು, ಯಾವ ಮೂಲೆ ನಾಲ್ಕು ಬೆರಳು ತಗ್ಗಿದೆ ಅಂತ. ಆ ತಗ್ಗು ದಿಣ್ಣೆಯನ್ನು ನಕ್ಷೆಯಲ್ಲಿ ತೋರಿಸುವ ಗೆರೆಯೇ ಕಾಂಟೂರ್. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ದೆವಲ್ವಾ, ಅದೇ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೆ ಒಂದು ಗೆರೆ. ಚಾಮುಂಡಿ ಬೆಟ್ಟಕ್ಕೆ ಅದು ಸಾಕು. ಎರಡು ಎಕರೆ ಗದ್ದೆಗೆ ನಾವೇ ಲೆವೆಲ್, ಅಂದರೆ ಅಲ್ಲಲ್ಲಿ ನೆಲದ ಎತ್ತರ, ತೆಗೆಯಬೇಕು. ತೆಗೆದ ಮೇಲೆ ಸಿವಿಲ್ ತ್ರೀಡಿ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಗೆರೆ ಎಳೆಯುವ ಬಗೆ ಇಲ್ಲಿದೆ.

ಮೊದಲು ಸರ್ವೆ ಕಡತ ತೆರೆದು ನೋಡಿ. ಪಾಯಿಂಟ್ ನಂಬರ್, ಈಸ್ಟಿಂಗ್ (ಪೂರ್ವ ದಿಕ್ಕಿನ ಅಳತೆ), ನಾರ್ದಿಂಗ್ (ಉತ್ತರ ದಿಕ್ಕಿನ ಅಳತೆ), ಲೆವೆಲ್, ವಿವರ ಇದೇ ಕ್ರಮದಲ್ಲಿ ಇರಲಿ. ನಮ್ಮ ಮೈಸೂರು, ಮಂಡ್ಯ ಎರಡೂ ಯುಟಿಎಂನ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್‌ನಲ್ಲಿ ಗುರುತಿಸುವ ಪದ್ಧತಿ) 43 ಉತ್ತರ ವಲಯಕ್ಕೆ ಸೇರುತ್ತವೆ. ಇಲ್ಲಿ ಈಸ್ಟಿಂಗ್ ಆರು ಅಂಕಿ. ನಾರ್ದಿಂಗ್ ಏಳು ಅಂಕಿ, 13 ಲಕ್ಷದಿಂದ ಶುರು. ಅದಲು ಬದಲಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಲೆವೆಲ್ ಕಾಲಂ ಕೂಡ ನೋಡಿ. ಶ್ರೀರಂಗಪಟ್ಟಣದ ಹತ್ತಿರದ ಒಂದು ಜಮೀನಿನ ಕಡತದಲ್ಲಿ ನಾನು ಒಂದು ಸೊನ್ನೆಯನ್ನು ಗಮನಿಸಿರಲಿಲ್ಲ. ಸುತ್ತ 680 ಮೀಟರ್, ನಡುವೆ ಒಂದೇ ಒಂದು ಸೊನ್ನೆ. ಗೆರೆಗಳೆಲ್ಲ ಅಲ್ಲಿಗೇ ಮುತ್ತಿಕೊಂಡು, ತಳವಿಲ್ಲದ ಬಾವಿಯ ಹಾಗೆ ಕಂಡವು.

ಕಡತ ಸರಿಯಿದ್ದರೆ ಇನ್‌ಸರ್ಟ್ ಟ್ಯಾಬ್‌ನಿಂದ ಪಾಯಿಂಟ್‌ಗಳನ್ನು ಒಳಗೆ ತನ್ನಿ. ಅವುಗಳಿಗೊಂದು ಪಾಯಿಂಟ್ ಗ್ರೂಪ್ ಮಾಡಿ. ಟೂಲ್‌ಸ್ಪೇಸ್ ಎಂಬ ಫಲಕದಲ್ಲಿ ಸರ್ಫೇಸಸ್ ಮೇಲೆ ಬಲ ಕ್ಲಿಕ್ ಮಾಡಿ ಹೊಸ ಟಿನ್ ಸರ್ಫೇಸ್ (ಪಾಯಿಂಟ್‌ಗಳನ್ನು ತ್ರಿಕೋನಗಳಾಗಿ ಸೇರಿಸಿ ಮಾಡಿದ ನೆಲದ ಮೇಲ್ಮೈ) ಮಾಡಿ. ಅದರ ಡೆಫಿನಿಷನ್ ಒಳಗೆ ಆ ಗ್ರೂಪ್ ಸೇರಿಸಿ. ಗೆರೆ ತಕ್ಷಣ ಬರುತ್ತದೆ, ಆದರೆ ನಂಬಬೇಡಿ. ಸ್ಟೈಲ್‌ನಲ್ಲಿ ತ್ರಿಕೋನಗಳನ್ನು ಆನ್ ಮಾಡಿ.

ಯಾಕೆ ಅಂದರೆ ಕಾಂಟೂರ್ ಹುಟ್ಟುವುದೇ ತ್ರಿಕೋನದ ಅಂಚಿನಲ್ಲಿ. ಒಂದು ತುದಿ 680.20, ಇನ್ನೊಂದು 680.80, ನಡುವೆ 12 ಮೀಟರ್ ಅನ್ನಿ. 680.50ರ ಗೆರೆ ಸರಿಯಾಗಿ 6 ಮೀಟರ್‌ನಲ್ಲಿ ದಾಟುತ್ತದೆ. ನಡುವೆ ಬದು ಇದೆಯೋ ಕಾಲುವೆ ಇದೆಯೋ, ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ಈ ಗದ್ದೆಯ ಪಾಯಿಂಟ್‌ನಿಂದ ಆ ಗದ್ದೆಯ ಪಾಯಿಂಟ್‌ಗೆ ಅಂಚು ಎಳೆದು ಬದುವನ್ನು ಸೀಳಿ ಹಾಕುತ್ತದೆ. ನಕ್ಷೆಯಲ್ಲಿ ಬದುವೇ ಇರುವುದಿಲ್ಲ!

ಇದಕ್ಕೆ ಮದ್ದು ಬ್ರೇಕ್‌ಲೈನ್, ಅಂದರೆ ತ್ರಿಕೋನದ ಅಂಚು ದಾಟಬಾರದ ಗೆರೆ. ಬದುವಿನ ಮೇಲೆ, ಅದರ ಎರಡೂ ಬದಿಯ ಬುಡದಲ್ಲಿ ತೆಗೆದ ಪಾಯಿಂಟ್‌ಗಳನ್ನು ಸಾಲಿಗೊಂದು ತ್ರೀಡಿ ಪಾಲಿಲೈನ್‌ನಿಂದ ಸೇರಿಸಿ, ಸ್ಟ್ಯಾಂಡರ್ಡ್ ಬ್ರೇಕ್‌ಲೈನ್ ಆಗಿ ಹಾಕಿ. ಕಾಲುವೆಯ ದಡ, ತಳಕ್ಕೂ ಹೀಗೇ. ಈಗ ತ್ರಿಕೋನಗಳು ಬದುವನ್ನು ದಾಟದೆ, ಅದರ ಗುಂಟ ಕೂರುತ್ತವೆ. ಬೇಗ ಮುಗಿಸಬೇಕು ಅಂತ ಈ ಕೆಲಸವನ್ನು ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ.

ಜಮೀನಿನ ಹೊರಗೂ ಉದ್ದುದ್ದ ತ್ರಿಕೋನಗಳು ಚಾಚಿರುತ್ತವೆ. ಸುತ್ತಲೂ ಔಟರ್ ಬೌಂಡರಿ ಹಾಕಿದರೆ ಅವು ಹೋಗುತ್ತವೆ.

ಇನ್ನು ಗೆರೆಗಳ ನಡುವಿನ ಎತ್ತರದ ಅಂತರ. ಸ್ಟೈಲ್‌ನ ಕಾಂಟೂರ್ಸ್ ಟ್ಯಾಬ್‌ನಲ್ಲಿ ಮೈನರ್ (ಸಣ್ಣ ಗೆರೆ) 0.25 ಮೀಟರ್, ಮೇಜರ್ (ದಪ್ಪ ಗೆರೆ) 1.25 ಮೀಟರ್ ಗದ್ದೆಗೆ ಹೊಂದುತ್ತದೆ. ಬೆಟ್ಟದ ತಪ್ಪಲಿಗೆ 1 ಮತ್ತು 5. ಗೆರೆ ನುಣುಪಾಗಲಿ ಅಂತ ಸ್ಮೂದಿಂಗ್ ಜಾಸ್ತಿ ಮಾಡಬೇಡಿ, ಒಂದು ಗೆರೆ ಇನ್ನೊಂದನ್ನು ದಾಟಿಬಿಡಬಹುದು. ಆನೋಟೇಟ್ ಟ್ಯಾಬ್‌ನಿಂದ ಲೇಬಲ್ ಹಾಕಿ.

ಕೊನೆಗೆ ಪ್ರಿಂಟ್ ಹಿಡಿದು ಜಮೀನಿಗೆ ಹೋಗಿ. ನೀರು ಕಟ್ಟುವವರನ್ನು ಕೇಳಿ, "ಅಣ್ಣ, ನೀರು ಯಾವ ಮೂಲೇಲಿ ನಿಲ್ಲುತ್ತೆ?" ಅವರು ಕೈ ತೋರಿಸಿದ ಕಡೆ ನಿಮ್ಮ ನಕ್ಷೆಯ ಲೆವೆಲ್ ಕಡಿಮೆ ಇರಬೇಕು. ಇಲ್ಲದಿದ್ದರೆ ಆ ಮೂಲೆಯಲ್ಲಿ ಇನ್ನೂ ನಾಲ್ಕು ಪಾಯಿಂಟ್ ತೆಗೆದುಕೊಂಡು ಬನ್ನಿ.