ಕ್ಯಾಶುವಾಲ್ಟಿಯಲ್ಲೇ ಉಳಿಯೋಕೆ ನಾನು ಮಾಡಿಕೊಂಡ ವ್ಯವಸ್ಥೆ

ಎಮರ್ಜೆನ್ಸಿ ಮೆಡಿಸಿನ್, ಅಂದರೆ ಕ್ಯಾಶುವಾಲ್ಟಿಯ ತುರ್ತು ಚಿಕಿತ್ಸೆಯ ವಿಭಾಗ, ತಗೋಬೇಕಾ ಬೇಡ್ವಾ ಅಂತ ಯೋಚನೆಯಲ್ಲಿರುವ ಹೌಸ್ ಸರ್ಜನ್‌ಗಳು (ಎಂಬಿಬಿಎಸ್‌ನ ಕೊನೆಗೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವವರು) ನನ್ನ ಹತ್ತಿರ ಬಂದರೆ ಎರಡು ಮಾತು ಕೇಳೇ ಕೇಳುತ್ತಾರೆ. ಇದರಲ್ಲಿ ನೆಮ್ಮದಿ ಇದೆಯಾ ಸರ್? ಮುಂದೇನು ಸರ್? ರಾಯಚೂರಿನಲ್ಲಿ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಬಿಟ್ಟುಬಿಡೋಣ ಅಂತ ಅನ್ನಿಸಿದ ಕಾಲವೂ ಇತ್ತು.

ಹಾಗೆ ಅನ್ನಿಸಿದ್ದು ನೈಟ್ ಡ್ಯೂಟಿಯಿಂದಲ್ಲ. ಮೊದಲಿದ್ದ ಆಸ್ಪತ್ರೆಯಲ್ಲಿ ಪ್ರತಿಯೊಂದಕ್ಕೂ ಸ್ಪೆಷಲಿಸ್ಟ್‌ಗೆ ಫೋನ್ ಮಾಡಿ ಒಪ್ಪಿಗೆ ತಗೋಬೇಕಿತ್ತು. ಉಸಿರು ನಿಲ್ಲುತ್ತಿರುವ ರೋಗಿಯ ಗಂಟಲಿಗೆ ಉಸಿರಾಟದ ಟ್ಯೂಬ್ ಹಾಕೋಕೂ! ಕಲಿತ ವಿದ್ಯೆ ಕೈಯಲ್ಲಿದ್ದೂ ಕಾಯುತ್ತಾ ನಿಲ್ಲಬೇಕಾದರೆ ಮನಸ್ಸು ಸೋತುಹೋಗುತ್ತದೆ. ಅದಕ್ಕೇ ಈಗಿನ ಕೆಲಸಕ್ಕೆ ಸೇರುವಾಗ ಸಂಬಳಕ್ಕಿಂತ ಮೊದಲು ಕೇಳಿದ್ದು ಇದನ್ನೇ: ಟ್ಯೂಬ್ ಹಾಕೋದು, ಹಾರ್ಟ್ ಅಟ್ಯಾಕ್‌ಗೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಕೊಡೋದು, ಹೈದರಾಬಾದಿಗೆ ರೆಫರ್ ಮಾಡೋದು ಯಾರ ತೀರ್ಮಾನ? ನಮ್ಮದೇ ಅಂತ ಬರೆಸಿಕೊಂಡೆ. ನೀವೂ ಕೇಳಿ, ಸಂಕೋಚ ಬೇಡ.

ಬಿಟ್ಟುಬಿಡೋಣ ಅನ್ನಿಸಿದ್ದಕ್ಕೆ ಎರಡನೇ ಕಾರಣ, ನಮ್ಮ ಕೈಗೆ ಬಂದ ರೋಗಿ ಆಮೇಲೆ ಏನಾದ ಅಂತ ನಮಗೆ ಗೊತ್ತೇ ಆಗೋದಿಲ್ಲ. ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆಗಳಲ್ಲಿ ಕೆಲಸ ಜೋರಾದಾಗ ‘ಹುಳ ಮುಟ್ಟೇತ್ರಿ ಸರ’ (ಹಾವು ಕಚ್ಚಿದೆ) ಅಂತ ರೋಗಿಯನ್ನು ಕರೆದುಕೊಂಡು ಬರುತ್ತಾರೆ. ಎರಡು ಎಂಎಲ್ ರಕ್ತ ತೆಗೆದು, ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುತ್ತೇವೆ. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಅಂತ ಅರ್ಥ, ಹಾವಿನ ವಿಷಕ್ಕೆ ಕೊಡೋ ಮದ್ದು ಎಎಸ್‌ವಿ 10 ವಯಲ್ (ಸೀಸೆ) ಶುರು. ಆದರೆ ಕಟ್ಟುಹಾವು ಕಚ್ಚಿದ್ದರೆ ರಕ್ತ ಸರಿಯಾಗೇ ಹೆಪ್ಪುಗಟ್ಟುತ್ತದೆ, ಕಚ್ಚಿದ ಜಾಗ ಹುಡುಕಿದರೂ ಕಾಣದೇ ಇರಬಹುದು. ಹಾಗಾಗಿ ಟ್ಯೂಬಿನ ಜೊತೆ ರೋಗಿಯ ರೆಪ್ಪೆಯನ್ನೂ ನೋಡುತ್ತಾ ಇರಬೇಕು. ರೆಪ್ಪೆ ಜೋತುಬಿದ್ದರೆ ಕೃತಕ ಉಸಿರಾಟ ಕೊಡೋಕೆ ಸಿದ್ಧವಾಗಬೇಕು. ಇಷ್ಟೆಲ್ಲಾ ಮಾಡಿ ಐಸಿಯುಗೆ ಕಳಿಸಿದರೆ ನಮ್ಮ ಪಾಲಿನ ಕತೆ ಮುಗಿಯಿತು.

ಅದನ್ನು ನಾನು ಮುಗಿಯೋಕೆ ಬಿಡಲಿಲ್ಲ. ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗೋ ಮೊದಲು ವಾರ್ಡ್, ಐಸಿಯು ಸುತ್ತಿ ಬರೋದು ರೂಢಿ ಮಾಡಿಕೊಂಡೆ. ಒಂದು ನೋಟ್‌ಬುಕ್ ಇಟ್ಟೆ. ರೋಗಿಯ ಐಪಿ (ದಾಖಲಾತಿ) ನಂಬರು, ನಾನು ಅಂದುಕೊಂಡದ್ದು, ಕೊನೆಗೆ ಆದದ್ದು, ಇಷ್ಟೇ. ಎಣ್ಣಿ, ಅಂದರೆ ಬೆಳೆಗೆ ಹೊಡೆಯೋ ಕೀಟನಾಶಕ, ಕುಡಿದು ಬಂದಿದ್ದ ಹುಡುಗನೊಬ್ಬನಿಗೆ ರಾತ್ರಿಯೆಲ್ಲಾ ಅದಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟಿದ್ದೆವು. ಆಮೇಲೊಂದು ದಿನ ವಾರ್ಡಿಗೆ ಹೋದಾಗ ಅವನು ಎದ್ದು ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಅವನಿಗೆ ನನ್ನ ಗುರುತು ಸಿಗಲಿಲ್ಲ. ಅವನ ತಾಯಿ ಮಾತ್ರ ‘ಅವತ್ತು ರಾತ್ರಿ ಇದ್ದ ಡಾಕ್ಟರ್ ಇವರೇ ನೋಡೋ’ ಅಂದರು. ಅಂಥ ಒಂದು ಬೆಳಗಿನ ಬಲದ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಬಹುದು, ನಿಜವಾಗಿ ಹೇಳುತ್ತಿದ್ದೇನೆ.

ಇನ್ನು ‘ಮುಂದೇನು’ ಅನ್ನೋ ಪ್ರಶ್ನೆ. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗ ಅನ್ನೋ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಕೆಲಸವೆಲ್ಲಾ ಆಸ್ಪತ್ರೆಯೊಳಗೇ, ಹಾಗಾಗಿ ಮೆಡಿಸಿನ್, ಸರ್ಜರಿಯವರ ಹಾಗೆ ಊರಲ್ಲಿ ಬೋರ್ಡ್ ಹಾಕಿ ಕ್ಲಿನಿಕ್ ಬೆಳೆಸೋ ದಾರಿ ನಮಗಿಲ್ಲ. ಸಂಬಳವೇ ಗತಿ, ಮನೆಯವರಿಗೂ ಇದನ್ನು ಮೊದಲೇ ಹೇಳಿಬಿಡಿ. ಆದರೆ ದಾರಿಗಳೇ ಇಲ್ಲ ಅನ್ನೋದು ಸುಳ್ಳು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಬಹುದು. ಎಂಡಿ (ಸ್ನಾತಕೋತ್ತರ ಪದವಿ) ಆದಮೇಲೆ ಕ್ರಿಟಿಕಲ್ ಕೇರ್, ಅಂದರೆ ಐಸಿಯು ಚಿಕಿತ್ಸೆಯಲ್ಲಿ, ಅದಕ್ಕೂ ಮೇಲಿನ ಡಿಎಂ ಪದವಿ ಮಾಡಬಹುದು. ಬ್ರಿಟನ್ನಿನ ಎಮರ್ಜೆನ್ಸಿ ಮೆಡಿಸಿನ್ ಪರೀಕ್ಷೆ ಎಂಆರ್‌ಸಿಇಎಂ ಬರೆದು ಬ್ರಿಟನ್‌ಗೆ ಹೋಗುವವರೂ ಇದ್ದಾರೆ. ಒಂದೇ ಎಚ್ಚರಿಕೆ: ಎಂಡಿ ಇಲ್ಲವೇ ಅದಕ್ಕೆ ಸಮನಾದ ಡಿಎನ್‌ಬಿಯನ್ನೇ ಹಿಡಿಯಿರಿ. ಮಾನ್ಯತೆ ಇಲ್ಲದ ಕೋರ್ಸಿನಲ್ಲಿ ಕೆಲಸ ಚೆನ್ನಾಗಿ ಕಲಿಯಬಹುದು, ಆದರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕೋ ದಿನ ಆ ಸರ್ಟಿಫಿಕೇಟು ಉಪಯೋಗಕ್ಕೆ ಬರೋದಿಲ್ಲ.