ಮಿಯಾಟಾನ ಎರಡೆರಡು ಸಲ ತಗ್ಗಿಸಿದ್ದು

ನನ್ನ ಹತ್ರ ಇರೋದು 2003ರ ಮಜ್ದಾ ಮಿಯಾಟಾ, ಎರಡು ಸೀಟಿನ ಓಪನ್ ಟಾಪ್ ಕಾರು, ಎನ್‌ಬಿ ಅಂದ್ರೆ ಎರಡನೇ ಪೀಳಿಗೆ ಮಾಡೆಲ್, ನ್ಯೂಜೆರ್ಸಿಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಂದು ಟನ್ ಚಿಲ್ಲರೆ ತೂಕ, ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್ (ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್), ಓಡ್ಸೋಕೆ ಮಜಾ. ಆದ್ರೆ ಟೈರಿಗೂ ಫೆಂಡರಿಗೂ ಮಧ್ಯ ಮುಷ್ಟಿ ತೂರೋಷ್ಟು ಸಂದಿ, ಜೊತೆಗೆ ಹಳೇ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಬೇರೆ ಜಿನುಗ್ತಿತ್ತು, ಹೇಗಿದ್ರೂ ಬದಲಾಯಿಸ್ಬೇಕಲ್ಲ ಅಂತ ಕಾಯ್ಲೋವರ್ (ಸ್ಪ್ರಿಂಗು ಶಾಕು ಒಟ್ಟಿಗಿರೋ, ಹೈಟ್ ಏರಿಸಿ ಇಳಿಸ್ಬಹುದಾದ ಸೆಟ್ಟು) ತರಿಸ್ಕೊಂಡೆ.

ಒಂದು ಶನಿವಾರದ ಕೆಲಸ ಅನ್ಕೊಂಡಿದ್ದು ಮೂರು ವಾರ ಹಿಡೀತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಕೆಳಗಡೆ ಬೋಲ್ಟ್‌ಗಳೆಲ್ಲ ತುಕ್ಕು ಹಿಡ್ದು ಕಲ್ಲಾಗಿದ್ವು. ರಾತ್ರಿನೇ ತುಕ್ಕು ಸಡಿಲ ಮಾಡೋ ಪೆನಿಟ್ರೇಟಿಂಗ್ ಆಯಿಲ್ ಹೊಡ್ದಿಟ್ಟಿದ್ದೆ, ಆದ್ರೂ ಹಿಂದಿನ ಎಡಗಡೆ ಶಾಕ್ ಬೋಲ್ಟ್ ಮಿಸುಕ್ಲಿಲ್ಲ, ಬ್ರೇಕರ್ ಬಾರ್‌ಗೆ (ಉದ್ದ ಹಿಡಿಯ ಪಾನಾ) ಪೈಪ್ ಸಿಕ್ಸಿ ಜೋತುಬಿದ್ದೆ, ಬೋಲ್ಟಿನ ತಲೆನೇ ಕಿತ್ಕೊಂಡು ಬಂತು. ಹೊಸದು ಬರೋವರ್ಗೂ ಗಾಡಿ ಸ್ಟ್ಯಾಂಡ್ ಮೇಲೆ.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ, ಚಕ್ರ ಗಾಳೀಲಿ ನೇತಾಡ್ತಿರುವಾಗ್ಲೇ ಆರ್ಮ್ ಬೋಲ್ಟ್‌ಗಳನ್ನ ಪೂರ್ತಿ ಟೈಟ್ ಮಾಡ್ಬಿಟ್ಟಿದ್ದು. ಆರ್ಮ್ ತಿರುಗೋ ಜಾಗದಲ್ಲಿರೋ ರಬ್ಬರ್ ಬುಶ್ ನೀವು ಬಿಗಿ ಮಾಡಿದ ಜಾಗದಲ್ಲೇ ಕಚ್ಕೊಳ್ಳುತ್ತೆ, ಆಮೇಲೆ ಗಾಡಿ ಕೆಳಗಿಳಿಸಿದ್ರೆ ಅದು ಯಾವಾಗ್ಲೂ ತಿರುಚ್ಕೊಂಡೇ ಇರುತ್ತೆ, ಬೇಗ ಹರಿಯುತ್ತೆ, ಹೈಟ್ ಕೂಡ ಸುಳ್ಳು ತೋರ್ಸುತ್ತೆ. ರ್‍ಯಾಂಪ್ ಮೇಲೆ ಹತ್ಸಿ, ಗಾಡಿ ಭಾರ ಚಕ್ರದ ಮೇಲೆ ಬಿಟ್ಟು, ಎಲ್ಲಾ ಸಡಿಲ ಮಾಡಿ ಮತ್ತೆ ಬಿಗಿ ಮಾಡ್ದೆ. ಮುಂದಿನ ವೀಕೆಂಡು ಹೋಗಿದ್ದು ಇದಕ್ಕೇ.

ಇನ್ನು ಹೈಟು. ಹಬ್ (ಚಕ್ರ ಕೂರೋ ನಡುಭಾಗ) ಮಧ್ಯದಿಂದ ಫೆಂಡರ್ ಅಂಚಿಗೆ ಮೊದಲು 14 ಇಂಚಿನ ಮೇಲಿತ್ತು, ಜೋಶಲ್ಲಿ 12ಕ್ಕೆ ತಂದೆ. ಫೋಟೋಗೆ ಸಖತ್ತಾಗಿತ್ತು, ಆದ್ರೆ ಸಣ್ಣ ಗುಂಡಿಗೂ ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಒತ್ತಿದಾಗ ತಡೆಯೋ ರಬ್ಬರ್) ಹೋಗಿ ಗುದ್ದೋದು, ನಮ್ಮನೆ ಡ್ರೈವ್‌ವೇ ಹತ್ತುವಾಗ ಹೊಟ್ಟೆ ಉಜ್ಜೋದು. ಸುಮ್ನೆ 13ಕ್ಕೆ ಏರಿಸ್ದೆ.

ಹೊಸ ಚಕ್ರ 15x8 (ಇಂಚಲ್ಲಿ ವ್ಯಾಸ, ಅಗಲ), ಆಫ್‌ಸೆಟ್ 25 ಮಿಮೀ (ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ಕೂರೋ ಮುಖ ಎಷ್ಟು ಹೊರಗಿದೆ ಅನ್ನೋ ಲೆಕ್ಕ, ಕಮ್ಮಿಯಾದಷ್ಟೂ ಚಕ್ರ ಹೊರಗೆ ಬರುತ್ತೆ), ಟೈರ್ 205/50. ಮೊದಲಿದ್ದ ಚಕ್ರ 15x6, ಆಫ್‌ಸೆಟ್ 40. ಲೆಕ್ಕ ಹಾಕಿ ನೋಡಿ, ಎರಡಿಂಚು ಅಗಲದಲ್ಲಿ ಆಕಡೆ ಈಕಡೆ ತಲಾ 25 ಮಿಮೀ ಹಂಚಿಹೋಯ್ತು, ಆಫ್‌ಸೆಟ್ ವ್ಯತ್ಯಾಸ 15, ಅಂದ್ರೆ ಹೊರಗಡೆ 40 ಜಾಸ್ತಿ, ಒಳಗಡೆ ಬರೀ 10. ಹಿಂದಿನ ಫೆಂಡರ್ ಅಂಚು ಟೈರಿಗೆ ತಾಗ್ತಿತ್ತು, ಪೇಂಟ್ ಬಿರುಕು ಬಿಡ್ದೇ ಇರ್ಲಿ ಅಂತ ಹೀಟ್ ಗನ್ ಇಂದ ಬಿಸಿ ಮಾಡ್ತಾ ನಿಧಾನಕ್ಕೆ ಒಳಗೆ ಮಡಚ್ದೆ. ಹೈವೇಲಿ ಸ್ಟೇರಿಂಗ್ ನಡುಗ್ತಿತ್ತು, ನೋಡಿದ್ರೆ ಹಬ್ 54.1 ಮಿಮೀ, ಚಕ್ರದ ತೂತು ಅದಕ್ಕಿಂತ ದೊಡ್ಡದು. ಆ ಸಂದಿ ತುಂಬೋ ರಿಂಗ್ ಹಾಕಿದ್ಮೇಲೆ ನಿಂತೋಯ್ತು.

ಕೊನೇಗೆ ಅಲೈನ್‌ಮೆಂಟ್. ತಗ್ಗಿಸಿದ್ರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಗೆ ವಾಲೋದು) ತಾನಾಗೇ ಬರುತ್ತೆ, ನಾಲ್ಕೂ ಕಡೆ 1.8 ಡಿಗ್ರಿಗೆ ನಿಲ್ಸಿ, ಮುಂದೆ ಟೋ (ಮೇಲಿಂದ ನೋಡಿದ್ರೆ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋದು) ಸೊನ್ನೆ, ಹಿಂದೆ ಸ್ವಲ್ಪ ಒಳಗೆ ಮಾಡಿಸ್ದೆ. ನಾನು ಕೂತಾಗ ಗಾಡಿ ಹೇಗೆ ಬಗ್ಗುತ್ತೋ ಹಾಗೇ ಇರ್ಬೇಕು ಅಂತ ಡ್ರೈವರ್ ಸೀಟಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲಗಳನ್ನ ಪೇರಿಸಿದ್ದೆ, ಅಲೈನ್‌ಮೆಂಟ್ ಅಂಗಡಿಯವನ ಮುಖ ನೋಡ್ಬೇಕಿತ್ತು. ಒಂದು ಚೀಲ ತೂತಾಗಿತ್ತು ಅಂತ ಕಾಣುತ್ತೆ, ಸೀಟ್ ಹಿಂದೆ ತಳ್ಳಿದಾಗೆಲ್ಲ ಈಗ್ಲೂ ನಾಲ್ಕು ಕಾಳು ಅಕ್ಕಿ ಸಿಗುತ್ತೆ.