ಎಲೆಕ್ಟ್ರಿಕ್ ಸೈಕಲ್ ಕೊಳ್ಳುವ ಮುನ್ನ ಹಗುರ ಗೇರ್‌ನಲ್ಲಿ ಸುಮ್ನೆ ತುಳಿದು ನೋಡಿ
ಮೊದಲ ಎಲೆಕ್ಟ್ರಿಕ್ ಸೈಕಲ್ ಆರಿಸುತ್ತಿದ್ದರೆ ಟೆಸ್ಟ್ ರೈಡ್‌ನಲ್ಲಿ ಹೀಗೆ ಮಾಡಿ: ಸಮತಟ್ಟಾದ ಖಾಲಿ ರಸ್ತೆಯಲ್ಲಿ ಅಸಿಸ್ಟ್ (ಮೋಟಾರ್ ಕೊಡುವ ನೆರವು) ಮಧ್ಯದ ಮಟ್ಟಕ್ಕಿಟ್ಟು, ಅತಿ ಹಗುರ ಗೇರ್ ಹಾಕಿ, ಕಾಲಿಗೆ ಭಾರವೇ ಗೊತ್ತಾಗದ ಹಾಗೆ ಪೆಡಲ್ ತಿರುಗಿಸಿ. ಆಗಲೂ ಸೈಕಲ್ ಜೋರಾಗಿ ಎಳೆದುಕೊಂಡು ಹೋದರೆ ಅದರಲ್ಲಿರುವುದು ಕೇಡೆನ್ಸ್ ಸೆನ್ಸರ್. ಒತ್ತಿ ತುಳಿದಾಗ ಮಾತ್ರ ಮೋಟಾರ್ ಕೈಜೋಡಿಸಿದರೆ ಟಾರ್ಕ್ ಸೆನ್ಸರ್. ಮೊದಲನೆಯದು ಪೆಡಲ್ ತಿರುಗುತ್ತಿದೆಯಾ ಎಂದಷ್ಟೇ ನೋಡುತ್ತದೆ, ಎರಡನೆಯದು ನಿಮ್ಮ ಕಾಲಿನ ಬಲ ಅಳೆದು ಅದಕ್ಕೆ ತಕ್ಕಷ್ಟು ನೆರವು ಕೊಡುತ್ತದೆ. ಮೋಟಾರ್‌ನ ವ್ಯಾಟ್ ಸಂಖ್ಯೆಗಿಂತ ಈ ವ್ಯತ್ಯಾಸವೇ ದಿನಾ ಓಡಿಸುವಾಗ ಜಾಸ್ತಿ ಗೊತ್ತಾಗುವುದು: ನಿಂತಲ್ಲಿಂದ ಹೊರಡುವಾಗ, ತಿರುವಿನಲ್ಲಿ ನಿಧಾನಕ್ಕೆ ಹೋಗುವಾಗ, ಜನರ ನಡುವೆ ನುಸುಳುವಾಗ ಟಾರ್ಕ್ ಸೆನ್ಸರ್ ಇದ್ದರೆ ಹಿಡಿತ ನಿಮ್ಮ ಕಾಲಲ್ಲೇ ಇರುತ್ತದೆ. ಹಾಗಂತ ಕೇಡೆನ್ಸ್ ಕೆಟ್ಟದ್ದು ಅಂತಲ್ಲ. ಬಲ ಹಾಕಿ ತುಳಿಯಲು ಆಗದವರಿಗೆ ಅದೇ ಆರಾಮ, ಬೆಲೆಯೂ ಸಾಮಾನ್ಯವಾಗಿ ಕಮ್ಮಿ. ಈ ಪರೀಕ್ಷೆ ಕೆಲವು ಕಡೆ ಕೈಕೊಡುತ್ತದೆ. ಅಸಿಸ್ಟ್ ಪೂರ್ತಿ ಏರಿಸಿದ್ದರೆ ಟಾರ್ಕ್ ಸೆನ್ಸರ್ ಕೂಡ ಸಣ್ಣ ಒತ್ತಡಕ್ಕೇ ಜೋರಾಗಿ ತಳ್ಳಬಹುದು, ಎರಡೂ ಸೆನ್ಸರ್ ಇರುವ ಸೈಕಲ್‌ಗಳೂ ಇವೆ, ಇನ್ನು ಥ್ರಾಟಲ್ (ಹ್ಯಾಂಡಲ್‌ನಲ್ಲಿರುವ ಎಕ್ಸಲರೇಟರ್) ಅಪ್ಪಿತಪ್ಪಿ ತಿರುಗಿದ್ದರೆ ಏನೂ ಗೊತ್ತಾಗುವುದಿಲ್ಲ. ಕೇಡೆನ್ಸ್ ಸೈಕಲ್ಲೇ ಇಷ್ಟವಾದರೆ ಇನ್ನೊಂದು ನೋಡಿ: ಮೋಟಾರ್ ಎಳೆಯುತ್ತಿರುವಾಗ ಬ್ರೇಕ್ ಲಿವರ್ ಸ್ವಲ್ಪ ಹಿಡಿದ ಕೂಡಲೇ ಎಳೆತ ನಿಲ್ಲಬೇಕು, ಎರಡೂ ಲಿವರ್‌ಗಳಲ್ಲಿ. ನಿಲ್ಲದಿದ್ದರೆ ಆ ಸೈಕಲ್ ಬೇಡ.